ಕೋಡಿ ಬಿದ್ದ ದಿನ

ಬೆಳಿಗ್ಗೆ ಸುಮ್ನೆ ನಮ್ಮ ಕೆರೆಯ ಎರಡು ಉಪಗ್ರಹ ಚಿತ್ರ ನೋಡುತ್ತಾ ಕೂತಿದ್ದೆ. ಒಂದು ನವೆಂಬರ್, ಇನ್ನೊಂದು ಏಪ್ರಿಲ್.

ಇವು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಚಿತ್ರಗಳು. ಆ ಬೆಳಕನ್ನು ನೀರು ಹೀರಿಕೊಳ್ಳುತ್ತದೆ, ಅದಕ್ಕೇ ಕೆರೆ ಕಪ್ಪಗೆ ಕಾಣುತ್ತದೆ. ಜೊಂಡು ಹಬ್ಬಿದ ಕಡೆ ಮಾತ್ರ ಹೊಳೆಯುತ್ತದೆ. ಕೆಳಗೆ ನೀರಿದ್ದರೂ ಲೆಕ್ಕಕ್ಕೆ ಸಿಗುವುದಿಲ್ಲ. ಬೇಜಾರಾಯ್ತು.

ಅಮ್ಮ ಬಂದು ಇಣುಕಿದರು. "ಹೋದ ವರ್ಷ ಕೋಡಿ ಬಿದ್ದ ದಿನದ್ದು ಎಲ್ಲಿದೆ?"

ಇಲ್ಲ. ಈ ಚಿತ್ರ ತೆಗೆಯುವ ಉಪಗ್ರಹ ಸೆಂಟಿನೆಲ್-2 ಸುಮಾರು 5 ದಿನಕ್ಕೊಮ್ಮೆ ಬರುತ್ತದೆ. ಆ ವಾರ ಬೆಂಗಳೂರಿನ ಮೇಲೆ ಬರೀ ಮೋಡ. ಇನ್ನೊಂದು ಉಪಗ್ರಹ ಸೆಂಟಿನೆಲ್-1ರ ರಾಡಾರ್‌ಗೆ ಮೋಡ ಅಡ್ಡ ಬರುವುದಿಲ್ಲ, ರಾತ್ರಿ ಅದರಲ್ಲಿ ಹುಡುಕಬೇಕು.

ಚಿತ್ರದಲ್ಲಿ ಒಂದು ಚುಕ್ಕಿ ಅಂದರೆ 10 ಮೀಟರ್. ಅವತ್ತು ಅಮ್ಮ ಕಾಲು ಇಳಿಬಿಟ್ಟು ಕೂತಿದ್ದ ಕಲ್ಲು ಅದರೊಳಗೇ ಎಲ್ಲೋ ಇರುತ್ತದೆ, ಅಲ್ವಾ?