ಪ್ಲಾಸ್ಟಿಕ್ ಕವರಿನೊಳಗಿನ ಬಣ್ಣದ ಜೆರಾಕ್ಸ್

ಪಾರ್ಟಿಗಳು ನಮ್ಮ ಮೇಜಿನ ಮುಂದೆ ಫೈಲು ಬಿಚ್ಚುವ ರೀತಿಯನ್ನು ನೋಡಿಯೇ ಅವರ ನೋಂದಣಿ ಎಷ್ಟು ಹೊತ್ತಿಗೆ ಮುಗಿದೀತೆಂದು ಹೇಳಬಲ್ಲೆ ಎಂಬ ಜಂಬ ನನಗೆ ಬಹಳ ಕಾಲ ಇತ್ತು. ಶಿವಮೊಗ್ಗ ಜಿಲ್ಲೆಯ ಒಂದು ಮಲೆನಾಡು ತಾಲೂಕಿನಲ್ಲಿ ಪತ್ರ ಬರಹಗಾರರೊಬ್ಬರ ಕಚೇರಿಯಲ್ಲಿ ನಾನು ಸಹಾಯಕ. ಕ್ರಯಪತ್ರ, ದಾನಪತ್ರ, ವಿಭಾಗ ಪತ್ರ, ಹಕ್ಕು ಖುಲಾಸೆಗಳ ಕರಡನ್ನು ಟೈಪು ಮಾಡುವುದು, ಅಪ್‌ಲೋಡ್ ಮಾಡುವುದು, ಚಲನ್ ಕಟ್ಟಿಸುವುದು, ಸ್ಲಾಟ್ ಹಿಡಿಯುವುದು, ಹಿಂದಿನ ದಿನ ಪಾರ್ಟಿಗಳನ್ನು ಕರೆಸಿ ಮೂಲ ಕಾಗದಗಳಿಗೆ ಟಿಕ್ ಹಾಕಿಕೊಳ್ಳುವುದು ನನ್ನ ಪಾಲಿನ ಕೆಲಸಗಳು. ಕೊನೆಯದನ್ನು ನಾನು ಕಣ್ಣಳತೆಯಲ್ಲೇ ಮುಗಿಸುತ್ತಿದ್ದೆ. ಕಳೆದ ಮಳೆಗಾಲದ ಒಂದು ವಿಭಾಗ ಪತ್ರದ ನಂತರ ಹಾಗೆ ಮಾಡುವುದನ್ನು ಬಿಟ್ಟಿದ್ದೇನೆ.

ಕೊಡಚಾದ್ರಿ ತಪ್ಪಲಿನ ಒಂದು ಮನೆತನದ ಪಾಲು ಅದು. ಹಿರಿಯರಾದ ಗೌಡರು ಊರಿನಲ್ಲೇ ಇದ್ದು ತೋಟ ನೋಡಿಕೊಳ್ಳುವವರು, ತಂಗಿ ಹುಬ್ಬಳ್ಳಿಯಲ್ಲಿ, ತಮ್ಮ ಅಬುಧಾಬಿಯಲ್ಲಿ. ತಮ್ಮನಿಗೆ ರಜೆ ಸಿಗದ ಕಾರಣ ಅವರು ಚಿಕ್ಕಪ್ಪನ ಮಗನ ಹೆಸರಿಗೆ ಜಿಪಿಎ, ಅಂದರೆ ತಮ್ಮ ಪರವಾಗಿ ಸಹಿ ಹಾಕಲು ಸಾಮಾನ್ಯ ಅಧಿಕಾರ ಪತ್ರ, ಬರೆದು, ರಾಯಭಾರ ಕಚೇರಿಯ ಮೊಹರು ಹಾಕಿಸಿ ಕೊರಿಯರ್ ಮಾಡಿದ್ದರು. ಹೊರದೇಶದಲ್ಲಿ ಬರೆದ ಅಧಿಕಾರ ಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕಾದ್ದರಿಂದ ಅದನ್ನೂ ಶಿವಮೊಗ್ಗದಲ್ಲಿ ಮಾಡಿಸಿ, ಹಿಂಬದಿಯಲ್ಲಿ ಷರಾ ಬರೆಸಿಕೊಂಡು ತಂದಾಗಿತ್ತು. ಆ ಮೂಲವನ್ನು ಎರಡೂ ಬದಿ ಸ್ಕ್ಯಾನ್ ಮಾಡಿದವನು ನಾನೇ. ಹಾಗಾಗಿ ಆ ಕಾಗದದ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಗೌಡರ ಸೊಸೆ ಜೋಡಿಸಿದ ಫೈಲು ಹೇಗಿತ್ತೆಂದರೆ, ಬಿಗ್‌ಶಾಪರ್ ಚೀಲದಿಂದ ಸುಕ್ಕುಗಟ್ಟಿದ ಕಾಗದಗಳನ್ನು ಎಳೆಯುತ್ತಿದ್ದ ಇನ್ನೊಂದು ಪಾರ್ಟಿಗೆ ಅದನ್ನು ಎತ್ತಿ ತೋರಿಸಿ, "ಹೀಗೆ ಇಟ್ಕೊಳ್ಳಿ ನೋಡಿ" ಎಂದು ನಾನು ಉಪದೇಶವನ್ನೂ ಮಾಡಿದ್ದೆ. ಮೊದಲ ಪುಟದಲ್ಲಿ ವಿಷಯಸೂಚಿ, ಬದಿಯಲ್ಲಿ ಬಣ್ಣದ ಚೀಟಿಗಳು, ಪ್ರತಿ ಹಾಳೆಗೂ ಒಂದು ಪಾರದರ್ಶಕ ಕವರು. ಹಿಂದಿನ ದಿನ ಸಂಜೆ ಕವರುಗಳನ್ನು ಮಗುಚುತ್ತಾ ಹೋದೆ: ಪಹಣಿ, ಎಂ.ಆರ್. (ಹಕ್ಕು ಬದಲಾವಣೆಯ ದಾಖಲೆ), ಹನ್ನೊಂದು ಇ (ಜಮೀನಿನ ಭಾಗ ತೋರಿಸುವ ಸರ್ವೆ ನಕ್ಷೆ), ಇ.ಸಿ. (ಋಣಭಾರ ಪ್ರಮಾಣಪತ್ರ), ವಂಶವೃಕ್ಷ, ಆಧಾರ್, ಪ್ಯಾನ್, ಜಿಪಿಎ. ಎಲ್ಲಕ್ಕೂ ಟಿಕ್ ಬಿತ್ತು. ಕವರಿನಿಂದ ಒಂದು ಹಾಳೆಯನ್ನೂ ಹೊರಗೆ ಎಳೆಯಲಿಲ್ಲ.

ಮರುದಿನ ನೋಂದಣಿ ಕಚೇರಿಯಲ್ಲಿ ಸಾಹೇಬರು, ಅಂದರೆ ಉಪನೋಂದಣಾಧಿಕಾರಿಗಳು, ಜಿಪಿಎಯನ್ನು ಕವರಿನಿಂದ ಎಳೆದು, ಅವರ ಎಂದಿನ ಅಭ್ಯಾಸದಂತೆ ಮಗುಚಿದರು. ಹಿಂಬದಿ ಖಾಲಿ ಇತ್ತು. ಮತ್ತೆ ಮುಂಬದಿಗೆ ತಿರುಗಿಸಿ ಬೆಳಕಿಗೆ ಹಿಡಿದರು. ನಾನು ಮೇಜಿನ ಈಚೆಯಿಂದಲೇ ಬಗ್ಗಿ ನೋಡಿದೆ. ರಾಯಭಾರ ಕಚೇರಿಯ ನೀಲಿ ಮೊಹರು ಸೊಗಸಾಗಿ ಮೂಡಿತ್ತು, ಸಹಿಯ ಶಾಯಿ ನೀಲಿಯಾಗಿಯೇ ಇತ್ತು, ಆದರೆ ಎಡಮೂಲೆಯಲ್ಲಿ ಸ್ಟೇಪ್ಲರ್ ಪಿನ್ನಿನ ಎರಡು ತೂತುಗಳಿರಬೇಕಾದ ಜಾಗದಲ್ಲಿ ಎರಡು ಕಪ್ಪು ಚುಕ್ಕಿಗಳು ಅಚ್ಚಾಗಿದ್ದವು. "ಒರಿಜಿನಲ್ ಎಲ್ಲಿ?" ಎಂದು ಸಾಹೇಬರು ಕೇಳಿದರು. "ಅದೇ ಅಲ್ವಾ ಸಾರ್ ಅದು" ಎಂದು ಗೌಡರು ಪ್ರಾಮಾಣಿಕವಾಗಿಯೇ ಹೇಳಿದರು. ಸಾಹೇಬರು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ಅಲ್ಲಿಂದ ಮುಂದಿನ ಹೊತ್ತು ಹೇಗೆ ಕಳೆಯಿತೆಂಬುದನ್ನು ನೆನೆದರೆ ಈಗ ನಗು ಬರುತ್ತದೆ, ಆಗ ಬಂದಿರಲಿಲ್ಲ. ಸಾಹೇಬರು ಮುಂದಿನ ಟೋಕನ್ ಕರೆಯಲು ಹೇಳಿ, ಊಟದ ಹೊತ್ತಿನೊಳಗೆ ಮೂಲ ಬಂದರೆ ತೆಗೆದುಕೊಳ್ಳುತ್ತೇನೆ ಎಂದರು. ಗೌಡರ ಮನೆಯ ಲ್ಯಾಂಡ್‌ಲೈನು ಮಳೆ ಹಿಡಿದ ದಿನದಿಂದ ಸತ್ತಿತ್ತು, ಮೊಬೈಲಿಗೆ ಅಡಿಕೆ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್. ಸೊಸೆ ಮಗುವನ್ನು ಶಾಲೆಗೆ ಬಿಡಲು ಹೋಗಿದ್ದರು. ಕರೆ ಎತ್ತಿದ್ದು ಗೌಡರ ಹೆಂಡತಿ. ಅವರು ಕೊಡೆ ಹಿಡಿದು ಅಂಗಳದ ಮೂಲೆಯಲ್ಲಿ ನಿಂತು ನಾವು ಹೇಳಿದ್ದನ್ನು ಕೇಳಿಸಿಕೊಂಡು, ಒಳಗೆ ಹೋಗಿ ಹುಡುಕಿ, ಮತ್ತೆ ಅಂಗಳಕ್ಕೆ ಬಂದು ವರದಿ ಮಾಡಬೇಕಿತ್ತು. ಆ ಮನೆಯಲ್ಲಿ "ಭದ್ರವಾಗಿ ಇಟ್ಟಿದ್ದೇವೆ" ಎನ್ನಬಹುದಾದ ಜಾಗಗಳು ಮೂರಿದ್ದವು: ಗಾಡ್ರೇಜ್ ಬೀರು, ದೇವರ ಕೋಣೆಯ ಮರದ ಪೆಟ್ಟಿಗೆ, ಅಟ್ಟದ ಟ್ರಂಕು. ಕಾಗದದ ಗುರುತು ಹೇಳಿ ಎಂದು ಅವರು ಕೇಳಿದಾಗ ನಾನು ಬುದ್ಧಿಯಿಲ್ಲದೆ, ಮೇಲೆ ಸಿಂಹದ ಮುದ್ರೆ ಇರುತ್ತದೆ ಎಂದುಬಿಟ್ಟೆ. ಸರ್ಕಾರದ ಯಾವ ಕಾಗದದಲ್ಲಿ ಸಿಂಹವಿಲ್ಲ? "ಸಿಂಹದ್ದು ಒಂದು ರಾಶಿ ಇದೆ ಮಾರಾಯರೆ, ಯಾವ ಸಿಂಹ ಹೇಳಿ" ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಹುಬ್ಬಳ್ಳಿಯ ತಂಗಿ ಅಂದು ರಾತ್ರಿಯೇ ವಾಪಸು ಹೋಗಬೇಕಾಗಿತ್ತು. ಅವರು ಗೋಡೆ ಗಡಿಯಾರವನ್ನೂ ಅಣ್ಣನ ಮುಖವನ್ನೂ ಸರದಿಯಂತೆ ನೋಡುತ್ತಾ ಕುಳಿತಿದ್ದರು.

ಕೊನೆಗೆ ಮೂಲ ಸಿಕ್ಕಿದ್ದು ಬೀರುವಿನಲ್ಲಿ, ಸೀರೆಗಳ ಅಡಿಯಲ್ಲಿ, ಚಿನ್ನದ ಸಾಲದ ರಸೀದಿಯ ಜೊತೆ. ಪಕ್ಕದ ಮನೆಯ ಹುಡುಗ ರೈನ್‌ಕೋಟಿನೊಳಗೆ ಅಂಗಿಗೆ ಒತ್ತಿಟ್ಟುಕೊಂಡು ಬೈಕಿನಲ್ಲಿ ತಂದ. ಊಟದ ಹೊತ್ತಿಗೆ ಸ್ವಲ್ಪ ಮುಂಚೆಯೇ ತಂದ ಎಂಬುದನ್ನು ಅವನ ಪರವಾಗಿ ಹೇಳಲೇಬೇಕು. ಅಷ್ಟರಲ್ಲಿ ಸರ್ವರ್ ಹೋಯಿತು. ಮಧ್ಯಾಹ್ನವಿಡೀ ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು, ನೋಂದಣಿ ಆದದ್ದು ಮರುದಿನ. ಮಳೆ, ಕರೆಂಟು, ಸರ್ವರ್ ಈ ಮೂರೂ ಒಟ್ಟಿಗೆ ಸರಿಯಿರುವ ದಿನಕ್ಕೆ ಸ್ಲಾಟ್ ಕೊಡುವ ವ್ಯವಸ್ಥೆಯನ್ನು ಇನ್ನೂ ಯಾರೂ ಮಾಡಿಲ್ಲ. ನಮ್ಮ ಯಜಮಾನರು ಪಾರ್ಟಿಗಳ ಎದುರು ಏನೂ ಹೇಳಲಿಲ್ಲ. ಸಂಜೆ ಬಾಗಿಲು ಹಾಕುವಾಗ "ಕವರಿಂದ ತೆಗ್ದು ನೋಡಿದ್ಯಾ?" ಎಂದಷ್ಟೇ ಕೇಳಿದರು. ಈಗ ನಮ್ಮ ತಪಾಸಣೆ ಹಾಳೆಯಲ್ಲಿ "ಹಿಂಬದಿ" ಎಂಬ ಇನ್ನೊಂದು ಅಂಕಣ ಬಂದಿದೆ. ಅದನ್ನು ತುಂಬಿಸಲು ಬೇಕಾಗುವ ಹೆಚ್ಚಿನ ಸಮಯ ಎಲ್ಲಿಂದ ಬರಬೇಕೆಂಬುದನ್ನು ಮಾತ್ರ ಅವರು ಹೇಳಿಲ್ಲ.

ಮರುದಿನ ಗೌಡರ ಸೊಸೆಯೂ ಬಂದಿದ್ದರು. ಮೂಲವು ಮಳೆಯಲ್ಲಿ ನೆನೆಯಬಾರದೆಂದು ಅದನ್ನು ಮನೆಯಲ್ಲಿಟ್ಟು, ಫೈಲಿಗೆ ಬಣ್ಣದ ಪ್ರತಿಯನ್ನು ಹಾಕಿದೆ ಎಂದರು. ಅದರಲ್ಲಿ ತಪ್ಪೇನೂ ಇಲ್ಲ, ಅದು ಪ್ರತಿ ಎಂದು ಅದರ ಮೇಲೆ ಬರೆದಿರಲಿಲ್ಲ ಅಷ್ಟೇ. ಆ ಫೈಲನ್ನು ಗುರುತು, ಜಮೀನು, ಬ್ಯಾಂಕು, ವಿಮೆ ಎಂದು ವಿಷಯವಾರು ವಿಂಗಡಿಸಿದ್ದರು, ಹೆಚ್ಚಿನ ಮನೆಗಳಲ್ಲಿ ಅಚ್ಚುಕಟ್ಟಾದವರು ಮಾಡುವುದೂ ಅದನ್ನೇ. ಆದರೆ ನಮ್ಮ ಮೇಜಿನಿಂದ ನೋಡಿದರೆ ಮನೆಯ ಕಾಗದಗಳಲ್ಲಿ ಮೊದಲು ಆಗಬೇಕಾದ ವಿಂಗಡಣೆ ಬೇರೆ: ಕಳೆದರೆ ಮತ್ತೆ ಸಿಗುವವು ಒಂದು ಕಡೆ, ಕಳೆದರೆ ಮತ್ತೆ ಸಿಗದವು ಅಥವಾ ಸಿಗಲು ವರ್ಷಗಟ್ಟಲೆ ಅಲೆಯಬೇಕಾದವು ಇನ್ನೊಂದು ಕಡೆ.

ಜನ ಜೋಪಾನ ಮಾಡುವುದು ಸಾಮಾನ್ಯವಾಗಿ ಮೊದಲನೆಯ ಬಗೆಯನ್ನು. ಪಹಣಿಯ ಹಳೆಯ ಪ್ರಿಂಟುಗಳನ್ನು ಕಂತೆಗಟ್ಟಲೆ ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡವರನ್ನು ನೋಡಿದ್ದೇನೆ. ಕಚೇರಿಗಳು ಕೇಳುವುದು ಇತ್ತೀಚಿನ ಪಹಣಿಯನ್ನು, ಅದು ನಾಡಕಚೇರಿಯಲ್ಲೋ ಭೂಮಿ ಜಾಲತಾಣದಲ್ಲೋ ಯಾವಾಗ ಬೇಕಾದರೂ ಸಿಗುತ್ತದೆ. ಇ.ಸಿ.ಯನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ತೆಗೆಯಬಹುದು. ನೋಂದಣಿಯಾದ ಕ್ರಯಪತ್ರ ಕಳೆದರೂ ನೋಂದಣಿ ಸಂಖ್ಯೆ ಮತ್ತು ವರ್ಷ ಗೊತ್ತಿದ್ದರೆ ದೃಢೀಕೃತ ನಕಲು ದೊರೆಯುತ್ತದೆ, ಸಾಲ ಕೊಡುವ ಬ್ಯಾಂಕು ಮೂಲವನ್ನೇ ಕೇಳುತ್ತದೆ ಎಂಬ ತೊಡಕು ಮಾತ್ರ ಉಳಿಯುತ್ತದೆ. ಮರಣ ಪ್ರಮಾಣಪತ್ರವೂ ಸಿಗುತ್ತದೆ, ಆದರೆ ಸಾವು ನೋಂದಣಿಯಾಗಿದ್ದರೆ. ವರ್ಷ ಕಳೆದ ಮೇಲೆ ನೋಂದಾಯಿಸಲು ದಂಡಾಧಿಕಾರಿಗಳ ಆದೇಶವೇ ಬೇಕಾಗುತ್ತದೆ, ಪೌತಿ ಖಾತೆಗೆ (ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಬಂದವರಲ್ಲಿ ಹಲವರು ಅಜ್ಜಿಯ ಸಾವಿನ ವಿಷಯದಲ್ಲಿ ಸಿಕ್ಕಿಬೀಳುವುದು ಇಲ್ಲಿಯೇ.

ಎರಡನೆಯ ಬಗೆಗೆ ಮಲೆನಾಡಿನ ದೊಡ್ಡ ಉದಾಹರಣೆ ಫಾರಂ ಹತ್ತು. ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಗೇಣಿದಾರರು ಫಾರಂ ಏಳು ಹಾಕಿ, ಭೂ ನ್ಯಾಯಮಂಡಳಿಯಲ್ಲಿ ಆದೇಶ ಪಡೆದು, ಅಧಿಭೋಗದಾರಿಕೆಯ, ಅಂದರೆ ಉಳುತ್ತಿದ್ದ ಜಮೀನಿನ ಹಕ್ಕಿನ, ಪ್ರಮಾಣಪತ್ರವಾಗಿ ಪಡೆದ ಕಾಗದವದು. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತ ಈ ಸೀಮೆಯಲ್ಲಿ ಎಷ್ಟೋ ಮನೆಗಳ ಜಮೀನಿನ ಚರಿತ್ರೆ ಆ ಒಂದು ಹಾಳೆಯಿಂದಲೇ ಆರಂಭವಾಗುತ್ತದೆ, ಆದರೂ ಅದು ಹೆಚ್ಚಾಗಿ ಕಂದಾಯ ರಸೀದಿಗಳ ನಡುವೆ ನಾಲ್ಕು ಮಡಿಕೆಯಾಗಿ ಬಿದ್ದಿರುತ್ತದೆ. ಅದೇ ಗುಂಪಿಗೆ ಬಗರ್‌ಹುಕುಂ ಸಾಗುವಳಿ ಚೀಟಿ (ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮವಾದಾಗ ಕೊಡುವುದು), ಅಣೆಕಟ್ಟಿನ ಮುಳುಗಡೆಯವರಿಗೆ ಮಂಜೂರಾದ ಜಮೀನಿನ ಆದೇಶ, ಅಣ್ಣತಮ್ಮಂದಿರು ಹಿರಿಯರ ಎದುರು ಬರೆದುಕೊಂಡ ನೋಂದಣಿಯಾಗದ ಪಾಲುಪಟ್ಟಿ, ಮತ್ತು ಉಯಿಲು ಸೇರುತ್ತವೆ. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ, ನೋಂದಣಿ ಕಡ್ಡಾಯವಲ್ಲ. ಆದ್ದರಿಂದ ನೋಂದಣಿಯಾಗದ ಉಯಿಲು ಕಳೆದರೆ ಅದರ ಪ್ರತಿ ಯಾವ ಕಚೇರಿಯಲ್ಲೂ ಇರುವುದಿಲ್ಲ. ಮೊಹರು ಮಾಡಿದ ಲಕೋಟೆಯಲ್ಲಿ ಅದನ್ನು ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ಠೇವಣಿ ಇಡಲು ನೋಂದಣಿ ಕಾಯ್ದೆಯಲ್ಲೇ ಅವಕಾಶವಿದ್ದರೂ ನಮ್ಮಲ್ಲಿ ಕೇಳುವವರು ತೀರಾ ಅಪರೂಪ.

ಈ ಎರಡನೆಯ ಗುಂಪನ್ನು ನಾನು ಸರ್ವೆ ನಂಬರಿನಂತೆ ಇಡಲು ಹೇಳುತ್ತೇನೆ, ದಿನಾಂಕದಂತಲ್ಲ. ಪಾಲಾಗುವಾಗ ಪ್ರಶ್ನೆ ಏಳುವುದು "ಕೆಳಗಿನ ಗದ್ದೆ ನಮಗೆ ಹೇಗೆ ಬಂತು" ಎಂದೇ ಹೊರತು "1978ರಲ್ಲಿ ಏನೇನಾಯಿತು" ಎಂದಲ್ಲ. ಒಂದು ಜಮೀನಿಗೆ ಒಂದು ದಪ್ಪ ಕಾಗದದ ಲಕೋಟೆ, ಅದರ ಮೇಲೆ ಮನೆಯವರು ಆಡುವ ಹೆಸರು ಮತ್ತು ಸರ್ವೆ ನಂಬರು ಎರಡೂ, ಒಳಗಿರುವ ಕಾಗದಗಳ ಪಟ್ಟಿ, ಪ್ರತಿಯೊಂದರ ಮುಂದೆ "ಮೂಲ" ಅಥವಾ "ಜೆರಾಕ್ಸ್" ಎಂಬ ಮಾತು, ಇಷ್ಟಿದ್ದರೆ ಫೋನಿನಲ್ಲಿ ಸಿಂಹ ಹುಡುಕುವ ಪ್ರಸಂಗ ಬರುವುದಿಲ್ಲ. ಜೆರಾಕ್ಸಿನ ಮೂಲೆಯಲ್ಲಿ ಪೆನ್ಸಿಲಿನಿಂದ ಮೂಲ ಎಲ್ಲಿದೆ ಎಂದೂ ಬರೆಯಬಹುದು. ಹೆಸರುಗಳ ವ್ಯತ್ಯಾಸವನ್ನೂ ಆ ಪಟ್ಟಿಯ ಅಡಿಯಲ್ಲೇ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಪಹಣಿಯ ಒಂಬತ್ತನೇ ಅಂಕಣದಲ್ಲಿ ಮಂಜಪ್ಪ, ಆಧಾರಿನಲ್ಲಿ ಮಂಜುನಾಥ, ಶಾಲಾ ದಾಖಲೆಯಲ್ಲಿ ಮಂಜಯ್ಯ ಎಂದಿರುವ ಮನುಷ್ಯ ಬದುಕಿರುವಾಗಲೇ ಅದನ್ನು ಸರಿಪಡಿಸಿಕೊಳ್ಳುವುದು, ಸತ್ತ ಮೇಲೆ ಮಕ್ಕಳು ಅಫಿಡವಿಟ್ ಹಿಡಿದು ತಿರುಗುವುದಕ್ಕಿಂತ ಎಷ್ಟೋ ಸುಲಭ.

ಪ್ಲಾಸ್ಟಿಕ್ ಕವರುಗಳ ಬಗ್ಗೆ ನನಗೆ ಈಗ ಸ್ವಲ್ಪ ದ್ವೇಷವೇ ಇದೆ, ಅದಕ್ಕೆ ನನ್ನ ಸ್ವಂತ ಕಾರಣವೊಂದೇ ಅಲ್ಲ. ನಮ್ಮ ಮಳೆಗಾಲದ ಥಂಡಿಯಲ್ಲಿ ಬಾಯಿ ಮುಚ್ಚಿದ ಕವರಿನೊಳಗೆ ತೇವ ನಿಂತು, ಶಾಯಿ ಹರಡಿ, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು, ಮೊಹರಿನ ಉಬ್ಬು ಬೆರಳಿಗೆ ಸಿಗುವುದಿಲ್ಲ, ಹಿಂಬದಿಯಲ್ಲಿ ಮುಂದೆ ಷರಾ ಬರೆಯಲು ಜಾಗವಿರುವುದಿಲ್ಲ, ಬಿಡಿಸಲು ಹೋದರೆ ಕಾಗದವೇ ಕಿತ್ತು ಬರುತ್ತದೆ. ಗುಂಡುಸೂಜಿ ಮತ್ತು ಸ್ಟೇಪ್ಲರ್ ಪಿನ್ನುಗಳನ್ನು ತೆಗೆದುಬಿಡಬೇಕು. ಒಂದು ಹಳೆಯ ಪಾಲುಪಟ್ಟಿಯಲ್ಲಿ ಗುಂಡುಸೂಜಿಯ ತುಕ್ಕು ನಿಖರವಾಗಿ ಹಿಸ್ಸಾ ನಂಬರಿನ (ಸರ್ವೆ ನಂಬರಿನ ಒಳಭಾಗದ ಸಂಖ್ಯೆ) ಮೇಲೆಯೇ ತೂತು ಮಾಡಿದ್ದನ್ನು ನಾನು ಭೂತಗನ್ನಡಿ ಹಿಡಿದು ನೋಡಿದ್ದೇನೆ, ಅದು 2 ಆಗಿತ್ತೋ 3 ಆಗಿತ್ತೋ ಎಂಬ ಜಗಳ ಆ ಕುಟುಂಬದಲ್ಲಿ ಇನ್ನೂ ಮುಗಿದಿಲ್ಲ. ಹರಿದ ಮಡಿಕೆಗೆ ಸೆಲ್ಲೋಟೇಪ್ ಹಚ್ಚಿದರೆ ಕೆಲವು ವರ್ಷಗಳಲ್ಲಿ ಹಳದಿಗಟ್ಟಿ ಅಕ್ಷರವನ್ನು ನುಂಗುತ್ತದೆ. ಪೆಟ್ಟಿಗೆಯನ್ನು ನೆಲಕ್ಕೂ ಮಣ್ಣಿನ ಗೋಡೆಗೂ ತಾಗಿಸದೆ ಹಲಗೆಯ ಮೇಲಿಟ್ಟು, ಮಳೆ ಹೋದ ಮೇಲೆ ಒಮ್ಮೆ ತೆರೆದು ಕಾಗದಗಳನ್ನು ನೆರಳಿನಲ್ಲಿ ಗಾಳಿಗೆ ಹರಡಿದರೆ ಗೆದ್ದಲು ಬಂದಿದ್ದರೂ ಕಣ್ಣಿಗೆ ಬೀಳುತ್ತದೆ.

ಮೊಬೈಲಿನಲ್ಲಿ ಫೋಟೋ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಡಿಜಿಲಾಕರ್‌ನಲ್ಲಿ ಇಲಾಖೆಯಿಂದಲೇ ನೇರವಾಗಿ ಬಂದ ದಾಖಲೆಗೆ ಮೂಲದಷ್ಟೇ ಮಾನ್ಯತೆ ಇದೆ, ನಾವೇ ಫೋಟೋ ತೆಗೆದು ಅದಕ್ಕೆ ಏರಿಸಿದ್ದಕ್ಕೆ ಇಲ್ಲ. ಆದರೂ ಎರಡೂ ಬದಿಯ ಫೋಟೋ ಇರಲಿ, ಕಳೆದಾಗ ನಕಲಿಗೆ ಅರ್ಜಿ ಹಾಕಲು ಬೇಕಾದ ನಂಬರು, ದಿನಾಂಕಗಳು ಅದರಲ್ಲಿ ಸಿಗುತ್ತವೆ.

ಕೊನೆಯದು, ಮನೆಯಿಂದ ಹೊರಗೆ ಹೋದ ಮೂಲಗಳ ವಿಚಾರ. ಸಾಲಕ್ಕೆಂದು ಬ್ಯಾಂಕಿಗೋ ಸೊಸೈಟಿಗೋ, ವ್ಯಾಜ್ಯಕ್ಕೆಂದು ವಕೀಲರಿಗೋ, ನಮ್ಮಂಥವರಿಗೋ ಮೂಲವನ್ನು ಕೊಟ್ಟಾಗ ಅದರ ಲಕೋಟೆಯಲ್ಲಿ ಒಂದು ಚೀಟಿ ಉಳಿಯಬೇಕು: ಯಾವ ಕಾಗದ, ಯಾರಿಗೆ, ಯಾವ ದಿನ, ಸ್ವೀಕೃತಿ ಎಲ್ಲಿದೆ. ಕೊಟ್ಟವರು ತೀರಿಕೊಂಡ ಮೇಲೆ ಮಕ್ಕಳು ಮನೆಯೆಲ್ಲ ತಡಕಾಡುವ ಎಷ್ಟೋ ಪತ್ರಗಳು ತೀರಿದ ಸಾಲವೊಂದರ ಕಡತದಲ್ಲಿ ತಣ್ಣಗೆ ಕುಳಿತಿರುತ್ತವೆ. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಆಸ್ತಿಯ ಮೂಲ ಪತ್ರಗಳನ್ನು ಹಿಂತಿರುಗಿಸಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ಸಾಲ ತೀರಿದ ರಸೀದಿಯನ್ನು ಮಾತ್ರ ಪಡೆದು ಮನೆಗೆ ಹೊರಟವರು, ಅಲ್ಲೇ ಮೇಜಿನ ಮುಂದೆ ನಿಂತು ಇದನ್ನೂ ಕೇಳಿ, ಪತ್ರಗಳು ಬಂದಾಗ ಕವರಿನಿಂದ ತೆಗೆದು ಎರಡೂ ಬದಿ ನೋಡಿಯೇ ಸಹಿ ಹಾಕಲಿ.