ಕೋಡಿಯ ಕಡಲಕರೆಯಲ್ಲಿ ಗೇರುಬೀಜದ ಬೆಂಕಿ

ನಮ್ಮ ಕಡೆ ಏಪ್ರಿಲ್ 10ರ ಹೊತ್ತಿಗೆ ಶಾಲೆ ಮುಗಿಯುತ್ತದೆ. ಗೇರುಬೀಜ ಉದುರುವ ಕಾಲವೂ ಅದೇ. ಹಾಗಾಗಿ ಮಕ್ಕಳ ವರ್ಷ ಮುಗಿದದ್ದಕ್ಕೆ ಏನಾದರೂ ಮಾಡೋಣ ಎಂದು ಅಕ್ಕ ಹೇಳಿದಾಗ ಕೇಕು, ಹೋಟೆಲು ಯಾವುದೂ ಯಾರ ತಲೆಗೂ ಬರಲಿಲ್ಲ. ತವರಿಗೆ ಎಲ್ಲರೂ ಬರುವುದು, ಸಂಜೆ ಕುಂದಾಪುರದ ಕೋಡಿ ಕಡಲಕರೆಯಲ್ಲಿ ಬೆಂಕಿ ಹಾಕಿ ಬೀಜ ಸುಡುವುದು ಎಂದಾಯಿತು.

ಅಕ್ಕನ ಮಗಳು ಏಳನೇ ತರಗತಿ ಮುಗಿಸಿದ್ದಳು. ಅವಳ ಶಾಲೆ ಏಳಕ್ಕೇ ನಿಲ್ಲುತ್ತದೆ, ರಜೆ ಕಳೆದ ಮೇಲೆ ಬಸ್ಸು ಹತ್ತಿ ಹೈಸ್ಕೂಲಿಗೆ ಹೋಗಬೇಕು. ಮನೆ ಕಟ್ಟಿದರೆ ಒಕ್ಕಲು ಮಾಡುತ್ತೇವೆ, ಬೈಕು ತಂದರೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸುತ್ತೇವೆ. ಆಟಿಯ ಮಳೆಯಲ್ಲೂ ಕೊಡೆ ಹಿಡಿದು, ಚೀಲ ಹೊತ್ತು ಹೋಗಿ ಬಂದ ಮಕ್ಕಳಿಗೆ ಮಾತ್ರ ಅಂಕಪಟ್ಟಿಯ ವಿಚಾರಣೆ. ಇದು ನನಗೆ ಮೊದಲಿಂದಲೂ ಸರಿ ಕಂಡಿಲ್ಲ. ಆ ದಿನ ಯಾರೂ ಮಾರ್ಕು ಕೇಳಬಾರದು ಎಂದು ಭಾವನಿಗೂ ಸೇರಿಸಿ ಹೇಳಿಟ್ಟಿದ್ದೆ.

ಬೆಂಕಿ ಎಲ್ಲಿ ಹಾಕುವುದೆಂಬುದೇ ದೊಡ್ಡ ಚರ್ಚೆ. ಕೋಡಿಯ ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ, ಕಡಲಾಮೆಗಳು ಬಂದು ಮೊಟ್ಟೆಯಿಡುತ್ತವೆ. ಅರಣ್ಯ ಇಲಾಖೆಯವರು ಸುತ್ತ ಬಲೆ ಕಟ್ಟಿ ಕಾಯುವುದುಂಟು. ಮೊಟ್ಟೆ ಒಡೆಯಲು 45ರಿಂದ 60 ದಿನ. ಹೊಯ್ಗೆ ತಣಿದ ಮೇಲೆ, ಹೆಚ್ಚಾಗಿ ರಾತ್ರಿ, ಮರಿಗಳು ಮೇಲೆ ಬಂದು ಬೆಳಕಿದ್ದ ಕಡೆ ಹೊರಡುತ್ತವೆ. ಕತ್ತಲಲ್ಲಿ ಕಡಲೇ ಬೆಳ್ಳಗೆ ಕಾಣುವುದರಿಂದ ದಾರಿ ಸಿಗುತ್ತದೆ. ನಮ್ಮ ಬೆಂಕಿ ಕಂಡರೆ ಊರ ಕಡೆ ತಿರುಗಿಬಿಡುತ್ತವೆ. ಮೊದಲು ಅಲ್ಲಿನ ಮೀನುಗಾರರನ್ನು ಕೇಳಿ, ಗೂಡುಗಳಿಂದ ದೂರ, ದಿಬ್ಬದ ಈಚೆ ತಗ್ಗಿನಲ್ಲಿ ಗುಂಡಿ ತೋಡಿದೆವು. ಗಾಳಿಮರದ ಒಣಎಲೆ ಬಿದ್ದಲ್ಲಿಯೂ ಬೇಡ ಎಂದು ಭಾವ ಕಾಲಲ್ಲೇ ಸವರಿ ನೋಡಿದರು. ಕತ್ತಲು ಗಟ್ಟಿಯಾಗುವುದರೊಳಗೆ ನಂದಿಸಬೇಕು ಎಂಬುದು ಕರಾರು.

ತೆಂಗಿನ ಮಡಲು, ಕೊತ್ತಳಿಗೆ, ಗೆರಟೆ ಎಲ್ಲ ಮಕ್ಕಳೇ ಹೊತ್ತು ತಂದರು. ಗಾಳಿ ಪಡುವಣದಿಂದ ಬರುತ್ತಿತ್ತು, ಹಾಗಾಗಿ ಕಡಲಿಗೆ ಬೆನ್ನು ಹಾಕಿ ಕೂತೆವು. ಬೀಜ ಸುಡುವ ಹೊಗೆ ಮುಖಕ್ಕೆ ಹೊಡೆದರೆ ಕಣ್ಣು ಬಿಡಲಾಗದು. ಅಮ್ಮ ಎಲ್ಲರ ಕೈಗೂ ತೆಂಗಿನೆಣ್ಣೆ ಸವರಿದಳು. ಸಿಪ್ಪೆಯ ಸೊನೆ ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ.

ತೂತು ಕೊರೆದ ಹಳೆಯ ಎಣ್ಣೆಡಬ್ಬದ ತಗಡು ಒಲೆಯ ಮೇಲೆ. ಅದರಲ್ಲಿ ಬೀಜ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಸಿಪ್ಪೆ ಬೆವತ ಹಾಗೆ ಹೊಳೆಯುತ್ತದೆ, ಎಣ್ಣೆ ಜಿನುಗುತ್ತದೆ, ಚಿಟಿಚಿಟಿ ಎನ್ನುತ್ತದೆ, ಇದ್ದಕ್ಕಿದ್ದಂತೆ ಇಡೀ ತಗಡು ಭಗ್ಗನೆ ಹೊತ್ತಿಕೊಳ್ಳುತ್ತದೆ.

“ಹಿಂದ್ ಹೋಯ್ನಿ ಮಕ್ಳೆ, ಎಣ್ಣಿ ಹಾರತ್!” ಅಮ್ಮ ಕೂಗಿದಳು. ಕೂಗಿದವಳೇ ಉದ್ದ ಕೋಲನ್ನು ಅಕ್ಕನ ಮಗಳ ಕೈಗೆ ಕೊಟ್ಟಳು. ಅಷ್ಟು ವರ್ಷ ಆ ಕೋಲು ಅಮ್ಮನ ಕೈ ಬಿಟ್ಟಿರಲಿಲ್ಲ. ಹುಡುಗಿ ತುಟಿ ಕಚ್ಚಿಕೊಂಡು ಬೀಜ ಮಗುಚಿದಳು. ಬೇಗ ತೆಗೆದರೆ ಹಸಿ, ತಡವಾದರೆ ಇದ್ದಿಲು. ಆ ಹದ ಹೇಳಿಕೊಟ್ಟು ಬರುವುದಲ್ಲ. “ಈಗ!” ಎಂದು ತಾನೇ ಹೇಳಿ ತಗಡನ್ನು ಹೊಯ್ಗೆಗೆ ಕವುಚಿದಳು. ಉರಿ ಆರಿತು. ಬೀಜ ಒಡೆದು ನೋಡಿದರೆ ಕರಿ ಸಿಪ್ಪೆಯೊಳಗೆ ಕಂದು ಪೊರೆ, ಅದರೊಳಗೆ ಹೊಂಬಣ್ಣದ ತಿರುಳು. ನಾನು ಅವಳನ್ನು ಅಪ್ಪಿಕೊಂಡೆ. ಏಳು ವರ್ಷದ ಶಾಲೆ ಮುಗಿದದ್ದು ನನಗೆ ಅರಿವಾದದ್ದು ಆಗ.

ನಡುವೆ ನನ್ನ ಮಗ ಹಳೆಯ ನೋಟ್ಸ್ ಪುಸ್ತಕಗಳನ್ನು ಬೆಂಕಿಗೆ ಹಾಕಲು ತಂದಿದ್ದ, ಎಲ್ಲೋ ಮೊಬೈಲಿನಲ್ಲಿ ನೋಡಿದ್ದಂತೆ. “ವಿದ್ಯೆ ಸುಡುಕಾಗ ಮಗಾ” ಎಂದು ಅಮ್ಮ ಅವನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟಳು. ನಾವೂ ಹಾಗೇ ಬೆಳೆದವರು. ಬರೆಯದೆ ಉಳಿದ ಹಾಳೆ ಬಿಡಿಸಿ, ದಬ್ಬಣದಲ್ಲಿ ಹೊಲಿದು ರಫ್ ಪುಸ್ತಕ ಮಾಡುತ್ತಿದ್ದೆವು. ಮರುದಿನ ಅವನ ಕೈಯಲ್ಲೂ ಅದನ್ನೇ ಮಾಡಿಸಿದೆ.

ಕೆಂಡಕ್ಕೆ ಹೊಯ್ಗೆ ಮುಚ್ಚಲಿಲ್ಲ. ಮುಚ್ಚಿದರೆ ಒಳಗೆ ಕಾವು ಉಳಿದು ಬೆಳಿಗ್ಗೆ ಬಲೆ ಎಳೆಯಲು ಬರುವವರ ಕಾಲು ಸುಡುತ್ತದೆ. ಕೊಡಪಾನದಲ್ಲಿ ನೀರು ಹೊತ್ತು ತಂದು ಸುರಿದು, ಕೈಯಿಟ್ಟು ನೋಡಿ, ಮತ್ತೆ ಸುರಿದೆವು. ಸಿಪ್ಪೆಗಳನ್ನೂ ಆರಿಸಿ ಗೋಣಿಗೆ ತುಂಬಿಸಿದೆವು.

ಬೀಜ ಹಂಚುವಾಗ ಜಗಳ ಆಗಿಯೇ ಆಯಿತು. ಸುಟ್ಟವಳಿಗೆ ಎರಡು ಪಾಲು ಎಂದು ಅಮ್ಮನ ತೀರ್ಮಾನ. ಹಾಗಾದರೆ ಮುಂದಿನ ವರ್ಷ ಕೋಲು ತನಗೇ ಬೇಕೆಂದು ನನ್ನ ಮಗ ಪಟ್ಟು ಹಿಡಿದ.

“ನೀ ಮೊದ್ಲ್ ನಾಕ್ನೇ ಕ್ಲಾಸ್ ಮುಗ್ಸ್, ಕಡಿಗೆ ಕಾಂಬ” ಎಂದಳು ಅಮ್ಮ, ಅವನ ಬಾಯಿಗೆ ಒಂದು ತಿರುಳು ಹಾಕುತ್ತ.