ಸ್ವಲ್ಪ ತಡೆಯಿರಿ, ನನಗೆ ಕನ್ನಡ ಬರುತ್ತದೆ

ಕಪ್ಪು ಮೈ, ಗುಂಗುರು ಕೂದಲು, ಸಾಲದ್ದಕ್ಕೆ ಉಗ್ಗು. ಮೂರೂ ಒಬ್ಬನಲ್ಲೇ ಕೂಡಿದರೆ ಎದುರಿಗಿದ್ದವರು ಇಂಗ್ಲಿಷಿಗೆ ಹೊರಳುತ್ತಾರೆ. ವೈರಿಂಗ್ ಕೆಲಸಕ್ಕೆ ಹೋದ ಮನೆಯಲ್ಲಿ ‘ಕ್… ಕ್… ಕರೆಂಟು’ ಎನ್ನಲು ನಾನು ಹೆಣಗುತ್ತಿದ್ದರೆ, ಪಾಪ, ಇವನಿಗೆ ಕನ್ನಡ ಬಾರದು ಎಂದುಕೊಂಡು ‘ವಿಚ್ ಕಂಟ್ರಿ?’ ಎಂದು ಕೇಳುತ್ತಾರೆ. ಯಲ್ಲಾಪುರ ತಾಲ್ಲೂಕು ಸ್ವಾಮಿ.

ನಾವು ಸಿದ್ದಿಗಳು. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ತಂದ ಗುಲಾಮರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಡೆ ಅವರ ಸಂತತಿ ಇದೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಹೊರಗೆ ಕನ್ನಡ. ಎರಡರಲ್ಲೂ ಉಗ್ಗುತ್ತೇನೆ, ಪಕ್ಷಪಾತವಿಲ್ಲ.

ಪೇಟೆಯ ಹೈಸ್ಕೂಲು ಸೇರುವವರೆಗೆ ನನ್ನ ಕೂದಲು ನೋಡುವಂಥ ವಸ್ತು ಎಂದು ನನಗೆ ಗೊತ್ತಿರಲಿಲ್ಲ. ಹಿಂದಿನ ಬೆಂಚಿನವರು ಅದರೊಳಗೆ ಪೆನ್ಸಿಲ್ ಸಿಕ್ಕಿಸಿ, ಬೀಳುತ್ತದೋ ಇಲ್ಲವೋ ಎಂದು ಪಂತ ಕಟ್ಟುತ್ತಿದ್ದರು. ಬೀಳುತ್ತಿರಲಿಲ್ಲ. ‘ವೆಸ್ಟ್ ಇಂಡೀಸ್’ ಎನ್ನುವುದು ಅವರ ಪ್ರೀತಿಯ ಹೆಸರು. ಉಳಿದವನ್ನು ಇಲ್ಲಿ ಬರೆಯುವುದಿಲ್ಲ. ತಿರುಗಿ ಬೈಯಲು ನಾಲಿಗೆ ಸಮಯಕ್ಕೆ ಸರಿಯಾಗಿ ಹೊರಳಬೇಕಲ್ಲ? ನನ್ನದು ಹೊರಳುವಷ್ಟರಲ್ಲಿ ಬೈದವನು ಊಟಕ್ಕೆ ಹೋಗಿರುತ್ತಿದ್ದ. ಹಾಗಾಗಿ ಕೈ ಮುಂದಾಗುತ್ತಿತ್ತು. ಮೂಗು ಒಡೆದಿದ್ದೇನೆ, ಅಂಗಿ ಹರಿದಿದ್ದೇನೆ. ವಿಚಾರಣೆಯಲ್ಲಿ ಏಟು ತಿಂದವನು ಇಡೀ ಕಥೆಯನ್ನು ಸರಾಗವಾಗಿ ಹೇಳಿ ಮುಗಿಸುತ್ತಿದ್ದ. ನನ್ನ ಸರದಿಯಲ್ಲಿ ‘ಪೆ… ಪೆ…’ ಎನ್ನುವಾಗಲೇ, ಪೆನ್ಸಿಲ್ ಹೊರಬರುವ ಮುಂಚೆಯೇ, ಬೆತ್ತ ಬೀಳುತ್ತಿತ್ತು. ತರಗತಿಯ ಗೋಡೆಯ ಮೇಲೆ ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ಬಣ್ಣದಲ್ಲಿ ಬರೆದಿತ್ತು. ಬರೆಸಿದವರು ನನ್ನನ್ನು ಎಲ್ಲೋ ನೋಡಿರಬೇಕು.

ಅವ್ವ ಬಜೆ ತೇದು ನಾಲಿಗೆಗೆ ಹಚ್ಚುತ್ತಿದ್ದಳು. ಕಟುವಾದ ಖಾರ, ಕಣ್ಣಲ್ಲಿ ನೀರು, ಉಗ್ಗು ಇದ್ದಲ್ಲೇ. ಆದರೆ ಹಬ್ಬದಲ್ಲಿ ಡಮಾಮಿ ಬಡಿದು ಎಲ್ಲರೊಂದಿಗೆ ಹಾಡುವಾಗ ಒಂದಕ್ಷರವೂ ತಡೆಯುತ್ತಿರಲಿಲ್ಲ. ‘ಹಾಡಲು ಬರುತ್ತದೆ, ಉತ್ತರ ಹೇಳಲು ಬರುವುದಿಲ್ಲವೇ? ನಾಟಕ’ ಎಂದು ಒಬ್ಬ ಮೇಷ್ಟ್ರು ತೀರ್ಪು ಕೊಟ್ಟಿದ್ದರು. ಉಗ್ಗುವವರು ಹಾಡುವಾಗ, ಗುಂಪಿನಲ್ಲಿ ಒಟ್ಟಿಗೆ ಓದುವಾಗ ಸಾಮಾನ್ಯವಾಗಿ ಉಗ್ಗುವುದಿಲ್ಲ, ಈ ತೊಂದರೆ ಮನೆತನದಲ್ಲಿ ಹರಿದುಬರುವುದೂ ಉಂಟು ಎಂದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ. ನಮ್ಮ ಕಾಕಾ ಏಕೆ ಅಷ್ಟು ಕಡಿಮೆ ಮಾತಿನವರು ಎಂಬುದೂ ಆಗಲೇ ಹೊಳೆಯಿತು. ಶಬ್ದವನ್ನು ಮೆಲ್ಲಗೆ ಎಳೆದು ಶುರುಮಾಡುವುದನ್ನು ಅಲ್ಲಿ ಕಲಿಸಿದರು. ಗುಣವಾಗಿಲ್ಲ, ಹಗುರವಾಗಿದೆ.

2016ರ ಆರಂಭದಲ್ಲಿ ಬೆಂಗಳೂರಿನ ಹೆಸರಘಟ್ಟದ ಬಳಿ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ಮಾಡಿತು. ಅದಕ್ಕೆ ಸ್ವಲ್ಪ ಮುಂಚೆ ಅಲ್ಲೊಂದು ಕಾರು ಅಪಘಾತವಾಗಿತ್ತು, ಸಿಟ್ಟು ಅದರದು. ಅಪಘಾತ ಮಾಡಿದವನು ಬೇರೆ ದೇಶದ ಬೇರೆ ಮನುಷ್ಯ. ಬಣ್ಣ ಹೊಂದಿತು, ಅಷ್ಟೇ. ಆಗ ನಾನು ಇದೇ ಊರಿನಲ್ಲಿದ್ದೆ. ಗುಂಪು ತಡೆದು ‘ಯಾರು ನೀನು?’ ಎಂದರೆ ‘ಸಿದ್ದಿ’ ಎಂಬ ಎರಡಕ್ಷರ ನನ್ನ ಬಾಯಿಂದ ಬರಲು ಎಷ್ಟು ಹೊತ್ತು ಬೇಕು, ಮೊದಲ ಏಟು ಬೀಳಲು ಎಷ್ಟು ಹೊತ್ತು ಸಾಕು? ಬಸ್ಸಿನಲ್ಲಿ ಇದೇ ಲೆಕ್ಕ. ಆಧಾರ್ ಕಾರ್ಡನ್ನು ಪರ್ಸಿನಿಂದ ತೆಗೆದು ಅಂಗಿಯ ಮೇಲ್ಜೇಬಿಗೆ ಹಾಕಿಕೊಂಡೆ.

ಈಗ ಅಕ್ಕನ ಮಗಳು ಉಗ್ಗುತ್ತಾಳೆ. ಕಳೆದ ತಿಂಗಳು ಊರಿಗೆ ಹೋದಾಗ ಅವಳ ಟೀಚರನ್ನು ಕಂಡು, ‘ಗದರಿಸಬೇಡಿ, ಅವಳ ಮಾತನ್ನು ನೀವು ಮುಗಿಸಿಕೊಡಲೂಬೇಡಿ’ ಎಂದು ಕೇಳಿಕೊಂಡೆ. ‘ಮುಗಿಸಿ’ಯ ‘ಮು’ದಲ್ಲಿ ನಾನೇ ಸಿಕ್ಕಿಕೊಂಡೆ. ಟೀಚರ್ ಅದನ್ನು ಮುಗಿಸಿಕೊಡಲು ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿಕೊಂಡರು. ಹುಡುಗಿಗೆ ನಗು ತಡೆಯಲಾಗಲಿಲ್ಲ.